ಚಿತ್ರದ ಕಾರ್ಡಿನ ಎರಡು ಮುಖಗಳು: ಯುರೋಪಿನ ಬೀದಿ ಮತ್ತು ಕಡಲದಂಡೆಯ ಅಂಚೆ ಚಿತ್ರಗಳ ಜಾನಪದೀಯ ವಿಮರ್ಶೆ

1. ಪ್ರವೇಶ

ನಮ್ಮ ಜನಪದರ ಬದುಕಿನಲ್ಲಿ ಬೇಗನೆ ಬೆರೆತುಹೋದ ಆಧುನಿಕ ವಸ್ತುಗಳಲ್ಲಿ ಅಂಚೆ ಕಾರ್ಡು ಒಂದು. 1879ರ ಜುಲೈ 1ರಂದು ಕಾಲಾಣೆ ಬೆಲೆಯ ಕಾರ್ಡು ಭಾರತದಲ್ಲಿ ಜಾರಿಗೆ ಬಂದಿತು. ಓದು ಬಾರದವರೇ ಹೆಚ್ಚಾಗಿದ್ದ ಹಳ್ಳಿಗಳಲ್ಲಿ ಅದು ತನ್ನದೇ ಆಚಾರಗಳನ್ನು ಕಟ್ಟಿಕೊಂಡಿತು. ಶುಭಸಮಾಚಾರದ ಕಾಗದದ ಮೂಲೆಗೆ ಅರಿಸಿನ ಹಚ್ಚುವುದು, ಸಾವಿನ ಸುದ್ದಿಯ ಕಾರ್ಡಿನ ಮೂಲೆಯನ್ನು ಹರಿಯುವುದು, ಅಂಥ ಕಾರ್ಡನ್ನು ಓದಿಸಿದ ಕೂಡಲೇ ಹರಿದುಹಾಕಿ ಮನೆಯೊಳಗೆ ಇಡದಿರುವುದು ಇವೆಲ್ಲ ನಮಗೆ ಪರಿಚಿತ. ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಒಕ್ಕಣೆಯನ್ನು ಅರ್ಥ ತಿಳಿಯದವರೂ ಬರೆಸುತ್ತಿದ್ದರು. ಅದಿಲ್ಲದಿದ್ದರೆ ಕಾಗದ ಕಾಗದವೆನಿಸುತ್ತಿರಲಿಲ್ಲ.

ಇದೇ ಕಾರ್ಡು ಯುರೋಪಿನಲ್ಲಿ ಚಿತ್ರವನ್ನು ಹೊತ್ತು ಬೇರೊಂದು ದಾರಿ ಹಿಡಿಯಿತು. 1890ರ ದಶಕದಿಂದ 1914ರ ವರೆಗಿನ ಅವಧಿಯಲ್ಲಿ ಅಲ್ಲಿನ ನಗರಗಳ ಬೀದಿಗಳು, ಕಡಲದಂಡೆಯ ವಿಹಾರಪಥಗಳು, ಕಡಲೊಳಗೆ ಚಾಚಿದ ಪಿಯರುಗಳು ಅಪಾರ ಸಂಖ್ಯೆಯಲ್ಲಿ ಅಂಗೈಯಗಲದ ಕಾರ್ಡುಗಳ ಮೇಲೆ ಅಚ್ಚಾದವು. ಈ ಕಾರ್ಡುಗಳನ್ನು ಜಾನಪದದ ಸಾಮಗ್ರಿಯೆಂದು ಪರಿಗಣಿಸಬಹುದೇ, ಪರಿಗಣಿಸುವುದಾದರೆ ಅವುಗಳ ಯಾವ ಮುಖವನ್ನು, ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ನೀಸ್, ಪ್ಯಾರಿಸ್ ಮತ್ತು ಬ್ರೈಟನ್ ನಗರಗಳ ಕಾರ್ಡುಗಳಿಗೆ ಚರ್ಚೆಯನ್ನು ಮುಖ್ಯವಾಗಿ ಸೀಮಿತಗೊಳಿಸಲಾಗಿದೆ.

ಈ ಪ್ರಶ್ನೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವರೊಬ್ಬರ ಬಳಿ ಒಂದು ಆಲ್ಬಮ್ಮು ಸಿಕ್ಕಿತು. ಅದರಲ್ಲಿ ಯುರೋಪಿನ ಊರುಗಳ ಸುಮಾರು ಮೂವತ್ತು ಕಾರ್ಡುಗಳಿದ್ದವು. ಯಾರೋ ಅವನ್ನು ಅಕ್ಕರೆಯಿಂದ ಗೋಂದು ಹಚ್ಚಿ ಅಂಟಿಸಿದ್ದರು. ಒಂದನ್ನು ಬಿಡಿಸಲು ಹೋದಾಗ ಅದರ ಹಿಂಬದಿಯ ಪದರ ಕಿತ್ತು, ಬರೆದಿದ್ದ ಸಾಲುಗಳು ಆಲ್ಬಮ್ಮಿನ ಹಾಳೆಯಲ್ಲೇ ಉಳಿದುಬಿಟ್ಟವು. ಚಿತ್ರ ನನ್ನ ಕೈಗೆ ಬಂತು, ಮಾತು ಬರಲಿಲ್ಲ. ಈ ಸಂಗ್ರಹಕಾರರು ಮಾಡಿದ್ದನ್ನೇ ವಿದ್ವತ್ತು ಕೂಡ ಬಹುಮಟ್ಟಿಗೆ ಮಾಡುತ್ತ ಬಂದಿದೆ ಎಂಬುದು ಮುಂದಿನ ಪುಟಗಳ ವಾದ.

2. ಹುಟ್ಟು ಮತ್ತು ಹರಹು

ಚಿತ್ರವಿಲ್ಲದ ಕಾರ್ಡು ಮೊದಲು ಬಂದದ್ದು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ–ಹಂಗೆರಿಯಲ್ಲಿ. ಹೈನ್ರಿಖ್ ಫಾನ್ ಸ್ಟೆಫಾನ್ 1865ರಲ್ಲೇ ಇಂಥ ಸಲಹೆಯೊಂದನ್ನು ಜರ್ಮನ್ ಅಂಚೆ ಸಮ್ಮೇಳನದ ಮುಂದಿಟ್ಟಿದ್ದರೂ ಅದು ಕಾರ್ಯಗತವಾದದ್ದು ಅರ್ಥಶಾಸ್ತ್ರಜ್ಞ ಎಮಾನುಯೆಲ್ ಹೆರ್ಮಾನ್ ವಿಯೆನ್ನಾದ ಪತ್ರಿಕೆಯಲ್ಲಿ ಬರೆದ ಲೇಖನದ ನಂತರ. ಬ್ರಿಟನ್ ಮರುವರ್ಷವೇ ಅರ್ಧ ಪೆನ್ನಿಯ ಕಾರ್ಡನ್ನು ತಂದಿತು. 1874ರ ಬರ್ನ್ ಒಪ್ಪಂದದಿಂದ ಏರ್ಪಟ್ಟ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಗಡಿಗಳನ್ನು ದಾಟುವ ದಾರಿಯನ್ನು ಕಾರ್ಡಿಗೆ ತೆರೆಯಿತು.

ಚಿತ್ರದ ಕಾರ್ಡಿನ ಇತಿಹಾಸದಲ್ಲಿ ಎರಡು ನಿಯಮಗಳು ನಿರ್ಣಾಯಕವಾದವು. ಮೊದಲನೆಯದು, ಖಾಸಗಿ ಮುದ್ರಕರ ಕಾರ್ಡಿಗೆ ಅಂಚೆಚೀಟಿ ಅಂಟಿಸಿ ಕಳಿಸಲು ಬ್ರಿಟನ್ 1894ರಲ್ಲಿ ಕೊಟ್ಟ ಅನುಮತಿ. ಎರಡನೆಯದು, ಹಿಂಬದಿಯನ್ನು ನಡುವೆ ಗೆರೆಯೆಳೆದು ಎರಡು ಭಾಗ ಮಾಡಿ, ಒಂದರಲ್ಲಿ ವಿಳಾಸ, ಇನ್ನೊಂದರಲ್ಲಿ ಒಕ್ಕಣೆ ಬರೆಯಬಹುದೆಂದು 1902ರಲ್ಲಿ ಬ್ರಿಟನ್, ಅನಂತರ ಫ್ರಾನ್ಸ್ ಮತ್ತು ಜರ್ಮನಿಗಳು ಒಪ್ಪಿದ್ದು. ಅಲ್ಲಿಯವರೆಗೆ ಹಿಂಬದಿ ವಿಳಾಸಕ್ಕಷ್ಟೇ ಮೀಸಲಾಗಿದ್ದರಿಂದ ಬರೆಯುವವರು ಚಿತ್ರದ ಅಂಚಿನಲ್ಲಿ, ಆಕಾಶದಲ್ಲಿ, ಕೆಲವೊಮ್ಮೆ ಕಡಲ ನೀರಿನ ಮೇಲೆಯೇ ಬರೆಯಬೇಕಾಗಿತ್ತು. ಚಿತ್ರವೂ ಮಾತೂ ಒಂದೇ ಮುಖದಲ್ಲಿ ಒತ್ತರಿಸಿಕೊಂಡು ಇರುತ್ತಿದ್ದವು. 1902ರ ನಂತರ ಚಿತ್ರ ಇಡೀ ಮುಂಬದಿಯನ್ನು ಆಕ್ರಮಿಸಿತು, ಮಾತು ಬೆನ್ನಿಗೆ ಸರಿಯಿತು. ಅಂಚೆ ಇಲಾಖೆಯ ಈ ಸಣ್ಣ ಗೆರೆ ಮುಂದಿನ ಸಂಗ್ರಹಕಾರರ ದೃಷ್ಟಿಯನ್ನೂ ಗೆರೆ ಕೊಯ್ದಂತೆ ಭಾಗಮಾಡಿತು.

ಪ್ಯಾರಿಸಿನ ನರ್ಡೈನ್ ಸಹೋದರರು ಮತ್ತು ಲೆವಿ ಸಂಸ್ಥೆ, ಲಂಡನ್ನಿನ ರಾಫೆಲ್ ಟಕ್, ಡಂಡಿಯ ವ್ಯಾಲೆಂಟೈನ್, ಜೂರಿಕ್ಕಿನ ಫೋಟೊಗ್ಲಾಬ್ ಈ ಉದ್ಯಮದ ದೊಡ್ಡ ಹೆಸರುಗಳು. ಮುದ್ರಣದ ಬಹುಭಾಗ 1914ರ ವರೆಗೆ ಜರ್ಮನಿಯ ಕಾರ್ಯಾಗಾರಗಳಲ್ಲಿ ನಡೆಯುತ್ತಿತ್ತು. ಮದರಾಸು, ಬೆಂಗಳೂರುಗಳ ಹಿಗಿನ್‌ಬಾತಮ್ಸ್ ಮಾರಿದ ಕಾರ್ಡುಗಳಿಗೂ ಈ ಜಾಲದ ನಂಟಿತ್ತು. ಮಹಾಯುದ್ಧ ಈ ಜಾಲವನ್ನು ಹರಿಯಿತು. 1918ರಲ್ಲಿ ಬ್ರಿಟನ್ ಕಾರ್ಡಿನ ದರವನ್ನು ಅರ್ಧ ಪೆನ್ನಿಯಿಂದ ಒಂದು ಪೆನ್ನಿಗೆ ಏರಿಸಿದಾಗ ಅದರ ಸುವರ್ಣಕಾಲ ಮುಗಿದಿತ್ತು.

3. ಮುಂಬದಿ: ಆಶಯಗಳು ಮತ್ತು ಪಾಠಾಂತರಗಳು

ಕಥೆಗಳಿಗೆ ಆಶಯಗಳಿರುವಂತೆ ಈ ಚಿತ್ರಗಳಿಗೂ ಆಶಯಗಳಿವೆ. ನೂರು ಕಾರ್ಡುಗಳನ್ನು ಹರಡಿಕೊಂಡು ನೋಡಿದರೆ ಬೀದಿಯ ಚಿತ್ರಗಳಲ್ಲಿ ಒಂದೇ ರಚನೆ ಮರುಕಳಿಸುವುದು ಕಾಣುತ್ತದೆ. ಕ್ಯಾಮರಾ ಬೀದಿಯ ನಡುವೆ ನಿಂತಿದೆ. ಎರಡೂ ಬದಿಯ ಕಟ್ಟಡಗಳು ದೂರದ ಬಿಂದುವೊಂದರಲ್ಲಿ ಕೂಡುತ್ತವೆ. ಟ್ರಾಮಿನ ಹಳಿಗಳು ಕಣ್ಣನ್ನು ಆ ಕಡೆಗೆ ಎಳೆಯುತ್ತವೆ. ದಂಡೆಯ ಚಿತ್ರಗಳಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೋಟೆಲುಗಳ ಸಾಲು, ನಡುವೆ ಕೊಡೆ ಹಿಡಿದು ನಡೆಯುವವರು. ಊರಿನ ಹೆಸರನ್ನು ಮುಚ್ಚಿದರೆ ಅದು ನೀಸೋ, ಆಸ್ಟೆಂಡೋ, ಸ್ಕೆವೆನಿಂಗನ್ನೋ ಹೇಳುವುದು ಕಷ್ಟ.

ಈ ಚೌಕಟ್ಟನ್ನು ಕ್ಯಾಮರಾ ಕಂಡುಹಿಡಿಯಲಿಲ್ಲ. 18ನೆಯ ಶತಮಾನದಲ್ಲಿ ಲಂಡನ್, ಪ್ಯಾರಿಸ್, ಔಗ್ಸ್‌ಬರ್ಗ್, ಬಸ್ಸಾನೊಗಳಲ್ಲಿ ಅಚ್ಚಾಗುತ್ತಿದ್ದ ಬಣ್ಣದ ಬೀದಿಚಿತ್ರಗಳನ್ನು ಪೆಟ್ಟಿಗೆಯೊಳಗಿಟ್ಟು, ಮಸೂರದ ಮೂಲಕ ಸಂತೆಯ ಜನಕ್ಕೆ ತೋರಿಸುವ ಪದ್ಧತಿಯಿತ್ತು. ಬೀದಿ ಆಳವಾಗಿ ಕಾಣಬೇಕಾದರೆ ಗೆರೆಗಳು ದೂರದಲ್ಲಿ ಕೂಡಬೇಕಿತ್ತು. ನಮ್ಮ ಜಾತ್ರೆಗಳಲ್ಲಿ ಬಯಾಸ್ಕೋಪಿನ ಪೆಟ್ಟಿಗೆ ಹೊತ್ತು, ತಾಳ ಹಾಕುತ್ತ, ಬೊಂಬಾಯಿಯನ್ನೂ ದಿಲ್ಲಿಯನ್ನೂ ತೋರಿಸುತ್ತಿದ್ದವರ ಆಟ ಇದರ ದೂರದ ಬಂಧು. ಹೀಗೆ ನೋಡಿದಾಗ ಚಿತ್ರದ ಕಾರ್ಡು ಸಂತೆಯ ಪೆಟ್ಟಿಗೆಯಿಂದ ಹೊರಬಂದು ಅಂಚೆಯ ಚೀಲ ಸೇರಿದ ಚಿತ್ರ. ಆದರೆ ಪೆಟ್ಟಿಗೆಯವನ ಜೊತೆಗೆ ಹಾಡಿತ್ತು, ನೋಡುವವರು ಪ್ರಶ್ನೆ ಕೇಳಿದರೆ ಉತ್ತರವಿತ್ತು. ಕಾರ್ಡಿನ ಮುಂಬದಿಗೆ ಇದ್ದದ್ದು ಒಂದು ಸಾಲಿನ ಶೀರ್ಷಿಕೆ ಮಾತ್ರ.

ಪಾಠಾಂತರದ ದೃಷ್ಟಿಯಿಂದಲೂ ಈ ಕಾರ್ಡುಗಳು ಕುತೂಹಲಕರವಾಗಿವೆ. ಒಂದೇ ನೆಗೆಟಿವಿನಿಂದ ಬೆಳಗಿನ ದೃಶ್ಯವೂ ಬೆಳದಿಂಗಳ ದೃಶ್ಯವೂ ಹುಟ್ಟುತ್ತಿದ್ದವು. ಹಗಲಿನ ಚಿತ್ರಕ್ಕೆ ನೀಲಿ ಬಳಿದು, ಚಂದ್ರನನ್ನಿಟ್ಟು, ಕಿಟಕಿಗಳಿಗೆ ಹಳದಿ ಚುಕ್ಕೆ ಹಾಕಿದರೆ ರಾತ್ರಿಯಾಗುತ್ತಿತ್ತು. ಜನ ಕಡಿಮೆಯೆನಿಸಿದರೆ ಬೇರೆ ಚಿತ್ರದಿಂದ ಕತ್ತರಿಸಿ ಸೇರಿಸುತ್ತಿದ್ದರು. ಜೂರಿಕ್ಕಿನಲ್ಲಿ ಹನ್ಸ್ ಯಾಕೊಬ್ ಶ್ಮಿಡ್ 1880ರ ದಶಕದಲ್ಲಿ ರೂಪಿಸಿದ ಫೋಟೊಕ್ರೋಮ್ ವಿಧಾನದಲ್ಲಿ ಕಪ್ಪುಬಿಳುಪಿನ ನೆಗೆಟಿವಿನಿಂದಲೇ ಹಲವು ಕಲ್ಲಚ್ಚುಗಳ ಮೂಲಕ ಬಣ್ಣದ ಚಿತ್ರ ಬರುತ್ತಿತ್ತು. ಊರನ್ನು ಕಾಣದ ಕೆಲಸಗಾರರೇ ಆ ಊರಿನ ಬಾಗಿಲಿಗೆ, ಸೆರಗಿಗೆ, ನೀರಿಗೆ ಬಣ್ಣ ನಿರ್ಧರಿಸಬೇಕಾಗುತ್ತಿತ್ತು.

ಇಷ್ಟರಿಂದ ಈ ಕಾರ್ಡುಗಳನ್ನು ‘ಕೈಗಾರಿಕಾ ಯುಗದ ಜಾನಪದ’ ಎಂದು ಕರೆದುಬಿಡುವ ಆಸೆ ಹುಟ್ಟುತ್ತದೆ. ಅಜ್ಞಾತ ಕರ್ತೃತ್ವ, ಮರುಕಳಿಸುವ ಆಶಯ, ಪಾಠಾಂತರ ಈ ಮೂರೂ ಇಲ್ಲಿವೆ. ಆದರೆ ಲಕ್ಷಣಗಳ ಪಟ್ಟಿ ಹೊಂದಿದ ಮಾತ್ರಕ್ಕೆ ವಸ್ತು ಜಾನಪದವಾಗುವುದಿಲ್ಲ. ಮೌಖಿಕ ಪರಂಪರೆಯಲ್ಲಿ ಪಾಠವನ್ನು ಬದಲಿಸುವವನು ಕೇಳುಗರ ಎದುರಿಗೆ ಇರುತ್ತಾನೆ. ತಪ್ಪಿದರೆ ಅವರು ತಿದ್ದುತ್ತಾರೆ, ಹಿಡಿಸದಿದ್ದರೆ ಎದ್ದುಹೋಗುತ್ತಾರೆ. ಕಾರ್ಡಿನ ಪಾಠಾಂತರಕ್ಕೆ ಇಂಥ ಹೊಣೆಯಿಲ್ಲ. ಬ್ರೈಟನ್ನಿನ ದಂಡೆಗೆ ಯಾವ ಬಣ್ಣ ಸರಿ ಎಂದು ಅಲ್ಲಿನ ಮೀನುಗಾರರನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಮುಂಬದಿಯನ್ನು ಜಾನಪದವೆನ್ನುವುದಕ್ಕಿಂತ ಜನಪದರ ಬಗೆಗೆ ಮಾರುಕಟ್ಟೆ ಕಟ್ಟಿದ ಹೇಳಿಕೆ ಎನ್ನುವುದು ಹೆಚ್ಚು ಸರಿ.

4. ದಂಡೆಯಲ್ಲಿ ದುಡಿಯುವವರು

ನೀಸ್ ನಗರದ ಪ್ರೊಮೆನಾದ್ ದೆಸ್ ಆಂಗ್ಲೆ, ಅಂದರೆ ‘ಇಂಗ್ಲಿಷರ ವಿಹಾರಪಥ’, ಈ ಕಾರ್ಡುಗಳ ಅಚ್ಚುಮೆಚ್ಚಿನ ವಸ್ತು. ಅದರ ಹುಟ್ಟನ್ನು ಗಮನಿಸಬೇಕು. 1820ರ ದಶಕದ ಆರಂಭದಲ್ಲಿ, ಕಠಿಣ ಚಳಿಗೆ ಬೆಳೆ ಹಾಳಾಗಿ ಕೆಲಸವಿಲ್ಲದೆ ಬಂದ ಬಡವರಿಗೆ ಕೂಲಿ ಕೊಟ್ಟು, ಅಲ್ಲಿ ಚಳಿಗಾಲ ಕಳೆಯುತ್ತಿದ್ದ ಇಂಗ್ಲಿಷರು ಪಾದ್ರಿ ಲ್ಯೂಯಿಸ್ ವೇ ಅವರ ಮುಂದಾಳತ್ವದಲ್ಲಿ ಕಟ್ಟಿಸಿದ ಕಾಲುದಾರಿ ಅದು. ಕಟ್ಟಿದವರ ಭಾಷೆಯಲ್ಲಿ ಅದು ‘ಕಮಿನ್ ದೇಯಿ ಇಂಗ್ಲೆಸ್’ ಆಗಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಬರಗಾಲದ ಕಾಮಗಾರಿ. ಹೆಸರು ದುಡ್ಡು ಕೊಟ್ಟವರದು ಉಳಿಯಿತು, ಕಲ್ಲು ಹೊತ್ತವರದು ಉಳಿಯಲಿಲ್ಲ. 2021ರಲ್ಲಿ ಯುನೆಸ್ಕೊ ನೀಸನ್ನು ಚಳಿಗಾಲದ ವಿಹಾರನಗರವೆಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೇ ನೀಸಿನ ಇನ್ನೊಂದು ಜನಪ್ರಿಯ ಕಾರ್ಡು ಪಯ್ಯೋನ್ ನದಿಯ ಪಾತ್ರದಲ್ಲಿ ಬಟ್ಟೆ ಒಗೆಯುವ ಹೆಂಗಸರದು. ಸಾಲಾಗಿ ಮೊಣಕಾಲೂರಿ ಬಾಗಿದ ಬೆನ್ನುಗಳು, ಕಲ್ಲುಗಳ ಮೇಲೆ ಹರಡಿದ ಬಿಳಿಯ ಬಟ್ಟೆ. ವಿಹಾರಪಥದ ಬಿಳುಪು ಎಲ್ಲಿಂದ ಬರುತ್ತಿತ್ತೆಂಬುದನ್ನು ಈ ಕಾರ್ಡು ತಾನರಿಯದೆ ಹೇಳುತ್ತದೆ. ಆದರೆ ಮಾರುವವರು ಎರಡನ್ನೂ ಬೇರೆ ಬೇರೆ ‘ಸುಂದರ ದೃಶ್ಯ’ಗಳನ್ನಾಗಿ ಮಾರಿದರು. ಕಡಲನ್ನು ನೋಡುವುದು ಒಂದು ದೃಶ್ಯ, ಒಗೆಯುವವರನ್ನು ನೋಡುವುದು ಇನ್ನೊಂದು. ಬ್ರೈಟನ್ನಿನಲ್ಲೂ ಇದೇ ಕಥೆ. ಒಂದು ಕಾಲಕ್ಕೆ ಮೀನುಗಾರರು ಬಲೆ ಒಣಹಾಕುತ್ತಿದ್ದ ಸ್ಟೀನ್ ಎಂಬ ಬಯಲು 18ನೆಯ ಶತಮಾನದಿಂದ ಕ್ರಮೇಣ ಸಿರಿವಂತರ ವಿಹಾರಕ್ಕೆ ಮೀಸಲಾಯಿತು. ಮೀನುಗಾರರು ದಂಡೆಗೆ ಸರಿದರು, ಮುಂದೆ ಆ ದಂಡೆಯಲ್ಲೇ ಕಾರ್ಡಿನ ಚಿತ್ರವಾದರು.

ಪ್ಯಾರಿಸಿನಲ್ಲಿ ಯೂಜೀನ್ ಆಜೆ 19ನೆಯ ಶತಮಾನದ ಕೊನೆಯಲ್ಲಿ ಬೀದಿಯ ಕಸುಬುದಾರರನ್ನು ಚಿತ್ರೀಕರಿಸಿದರು. ದೀಪದ ಮುಸುಕು ಮಾರುವವನು, ಕೈಪೆಟ್ಟಿಗೆಯ ವಾದ್ಯ ತಿರುಗಿಸುವವನು ಮೊದಲಾದ 80 ಚಿತ್ರಗಳು ಸುಮಾರು 1904ರಲ್ಲಿ ‘ಪ್ಯಾರಿಸಿನ ಸಣ್ಣ ಕಸುಬುಗಳು’ ಎಂಬ ಮಾಲೆಯಾಗಿ ಕಾರ್ಡುಗಳಲ್ಲಿ ಬಂದವು. ಇದರ ಹಿಂದೆ ‘ಪ್ಯಾರಿಸಿನ ಕೂಗುಗಳು’ ಎಂಬ ಶತಮಾನಗಳಷ್ಟು ಹಳೆಯ ಅಚ್ಚುಚಿತ್ರಗಳ ಪರಂಪರೆಯಿದೆ. ಆಜೆಯ ಚಿತ್ರಗಳಲ್ಲಿ ವ್ಯಕ್ತಿಗಳು ಕ್ಯಾಮರಾವನ್ನು ನೇರವಾಗಿ ನೋಡುತ್ತಾರೆ, ಕೆಲವರು ನಗುತ್ತಾರೆ. ಕಾರ್ಡಿನ ಶೀರ್ಷಿಕೆ ಮಾತ್ರ ಕಸುಬಿನ ಹೆಸರನ್ನಷ್ಟೇ ಹೇಳುತ್ತದೆ.

ಬ್ರಿಟನಿ ಪ್ರಾಂತದ ಉಡುಗೆಯ ಕಾರ್ಡುಗಳಲ್ಲಿ ಇದು ಇನ್ನೂ ಸ್ಪಷ್ಟ. ‘ಪೋಂ ಲಬೆಯ ಉಡುಗೆ’ ಎಂದು ಊರಿನ ಹೆಸರಿರುತ್ತದೆ, ಉಟ್ಟವಳ ಹೆಸರಿರುವುದಿಲ್ಲ. ಅನಾದಿಯೆಂಬಂತೆ ತೋರಿಸಲಾದ ಆ ಊರಿನ ಬಿಳಿಯ ಲೇಸಿನ ಶಿರವಸ್ತ್ರ ನಿಜದಲ್ಲಿ ಕಾರ್ಡು ಅಚ್ಚಾಗುತ್ತಿದ್ದ ಕಾಲದಲ್ಲೇ ಬದಲಾಗುತ್ತಿತ್ತು. ಅದು ಹಿಂದೆಂದೂ ಇಲ್ಲದಷ್ಟು ಎತ್ತರಕ್ಕೆ ಬೆಳೆದದ್ದು 20ನೆಯ ಶತಮಾನದ ಮೊದಲರ್ಧದಲ್ಲಿ. ಹೆಂಗಸರು ಪರಂಪರೆಯನ್ನು ಬೆಳೆಸುತ್ತಿದ್ದಾಗ ಕಾರ್ಡು ಅದನ್ನು ನಿಂತ ನೀರೆಂದು ಮಾರುತ್ತಿತ್ತು. ನೀಸಿನ ವಿಹಾರಪಥವನ್ನು ಅಚ್ಚು ಹಾಕಿದ ನರ್ಡೈನ್, ಲೆವಿ ಸಂಸ್ಥೆಗಳೇ ಅಲ್ಜೀರಿಯಾದ ಜನರನ್ನು ‘ದೃಶ್ಯಗಳು ಮತ್ತು ಮಾದರಿಗಳು’ ಎಂಬ ಮಾಲೆಗಳಲ್ಲಿ ಮಾರಿದವು ಎಂಬುದನ್ನು ಇಲ್ಲಿ ನೆನೆಯಬೇಕು. ಒಳನಾಡಿನ ರೈತಹೆಂಗಸು ಮತ್ತು ವಸಾಹತಿನ ಪ್ರಜೆ ಇಬ್ಬರೂ ಒಂದೇ ಉದ್ಯಮದ ಕಣ್ಣಿಗೆ ‘ಮಾದರಿ’ಗಳಾದರು.

5. ಹಿಂಬದಿ: ಒಕ್ಕಣೆಯ ಜಾನಪದ

ಈಗ ಕಾರ್ಡನ್ನು ತಿರುಗಿಸೋಣ. ಹಿಂಬದಿಯ ಬರಹ ಮೊದಲ ನೋಟಕ್ಕೆ ನಿರಾಶೆ ತರುತ್ತದೆ. ಹವೆ ಚೆನ್ನಾಗಿದೆ, ನಾವು ಕ್ಷೇಮವಾಗಿ ತಲುಪಿದೆವು, ನೀವೂ ಇರಬೇಕಿತ್ತು, ಮನೆಯವರಿಗೆಲ್ಲ ನಮಸ್ಕಾರ. ಸಾಹಿತ್ಯದ ಓದುಗರು ಇದನ್ನು ಸವಕಲೆಂದು ಬದಿಗಿಡಬಹುದು. ಜಾನಪದದ ಓದುಗರು ಹಾಗೆ ಮಾಡಲಾಗದು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಮೌಖಿಕ ಕಾವ್ಯದ ಸೂತ್ರಗಳ ಬಗ್ಗೆ ತೋರಿಸಿಕೊಟ್ಟದ್ದೇನೆಂದರೆ, ಸೂತ್ರ ಎಂಬುದು ಕಲ್ಪನೆಯ ಬಡತನವಲ್ಲ, ಹೇಳುವವನಿಗೆ ಆಸರೆ. ‘ಉಭಯ ಕುಶಲೋಪರಿ’ಯ ಕೆಲಸವೂ ಅದೇ. ಪ್ರಾಥಮಿಕ ಶಿಕ್ಷಣದಿಂದ ಹೊಸದಾಗಿ ಅಕ್ಷರ ಕಲಿತ ಯುರೋಪಿನ ಕೆಲಸಗಾರರಿಗೆ ಇಡೀ ಪತ್ರದ ಶಿಷ್ಟಾಚಾರ ಕಷ್ಟವಾಗಿತ್ತು. ಕಾರ್ಡಿನ ಇಕ್ಕಟ್ಟೇ ಅವರಿಗೆ ಅನುಕೂಲವಾಯಿತು. ನಾಲ್ಕು ಸಾಲು ಸಾಕು, ಉಳಿದದ್ದನ್ನು ಚಿತ್ರ ಹೇಳುತ್ತದೆ.

ಸೂತ್ರದ ಜೊತೆಗೆ ಗುಟ್ಟಿನ ಸಂಕೇತಗಳೂ ಬೆಳೆದವು. ಕಾರ್ಡು ಬಿಚ್ಚು ಕಾಗದ. ಅಂಚೆಯವನೂ ಮನೆಯವರೂ ಓದುತ್ತಾರೆ. ಆದ್ದರಿಂದ ಅಂಚೆಚೀಟಿಯನ್ನು ಓರೆಯಾಗಿ, ತಲೆಕೆಳಗಾಗಿ, ಬೇರೆ ಮೂಲೆಯಲ್ಲಿ ಅಂಟಿಸಿ ಪ್ರೀತಿಯನ್ನೋ ಮುನಿಸನ್ನೋ ತಿಳಿಸುವ ‘ಅಂಚೆಚೀಟಿಯ ಭಾಷೆ’ ಬ್ರಿಟನ್, ಜರ್ಮನಿಗಳಲ್ಲಿ ಬಳಕೆಗೆ ಬಂದಿತು. ಆ ಭಾಷೆಯನ್ನು ವಿವರಿಸುವ ಕಾರ್ಡುಗಳನ್ನೇ ಪ್ರಕಾಶಕರು ಅಚ್ಚು ಹಾಕಿ ಮಾರಿದರು. ಗುಟ್ಟು ಬಯಲಾದ ಮೇಲೂ ಆಟ ನಿಲ್ಲಲಿಲ್ಲ. ನಮ್ಮಲ್ಲಿ ಹರಿದ ಮೂಲೆ ಅಕ್ಷರ ಬಾರದವರಿಗೂ ಸಾವಿನ ಸುದ್ದಿ ಹೇಳುತ್ತಿದ್ದಂತೆ, ಅಲ್ಲಿ ಓರೆಯಾದ ಚೀಟಿ ಬರೆಯಬಾರದ ಮಾತನ್ನು ಹೇಳುತ್ತಿತ್ತು. ಒಂದು ಶೋಕದ ಸಂಕೇತ, ಇನ್ನೊಂದು ಶೃಂಗಾರದ್ದು. ಆದರೆ ಸರಕಾರದ ಏಕರೂಪದ ಕಾಗದವನ್ನು ಜನ ತಮ್ಮದಾಗಿಸಿಕೊಂಡ ಬಗೆ ಒಂದೇ.

ಎಲ್ಲಕ್ಕಿಂತ ಅರ್ಥಪೂರ್ಣವಾದದ್ದು ಒಂದು ಸಣ್ಣ ಗುರುತು. ದಂಡೆಯ ಹೋಟೆಲಿನ ಚಿತ್ರದಲ್ಲಿ ಒಂದು ಕಿಟಕಿಯ ಮೇಲೆ ಶಾಯಿಯಲ್ಲಿ ಅಡ್ಡಗೀಟಿನ ಗುರುತು ಹಾಕಿ, ‘ನಮ್ಮ ಕೋಣೆ ಇದು’ ಎಂದು ಹಿಂದೆ ಬರೆಯುವ ರೂಢಿ ಎಷ್ಟು ವ್ಯಾಪಕವಾಗಿತ್ತೆಂದರೆ ಅದು ನಗೆಚಾಟಿಕೆಯ ವಸ್ತುವೇ ಆಯಿತು. ಸಾವಿರಾರು ಪ್ರತಿಗಳಾಗಿ ಅಚ್ಚಾದ, ಯಾರದೂ ಅಲ್ಲದ ಚಿತ್ರ ಆ ಗುರುತಿನಿಂದ ಒಬ್ಬರ ಚಿತ್ರವಾಗುತ್ತದೆ. ಹಿಂಬದಿಯ ಮಾತು ಗೆರೆ ದಾಟಿ ಮುಂಬದಿಗೆ ಬರುತ್ತದೆ. ಕಾರ್ಡು ಜಾನಪದವಾಗುವುದು ಈ ಗಳಿಗೆಯಲ್ಲಿ ಎಂದು ನನ್ನ ತಿಳಿವಳಿಕೆ.

ಇಂಗ್ಲೆಂಡಿನ ದಂಡೆಯ ಊರುಗಳಲ್ಲಿ ಡೊನಾಲ್ಡ್ ಮೆಕ್‌ಗಿಲ್ ಬರೆದ ಪೋಲಿ ವಿನೋದದ ಕಾರ್ಡುಗಳನ್ನೂ ಇಲ್ಲಿ ಹೆಸರಿಸಬೇಕು. ಜಾರ್ಜ್ ಆರ್ವೆಲ್ 1941ರಲ್ಲಿ ಅವುಗಳ ಬಗ್ಗೆ ಬರೆದ ಪ್ರಬಂಧ, ಕೀಳೆನಿಸಿದ ವಸ್ತುವನ್ನು ಗಂಭೀರವಾಗಿ ಓದಿದ ಮೊದಲ ವಿಮರ್ಶೆಗಳಲ್ಲೊಂದು. ಗಂಭೀರ ಬದುಕಿನ ವಿರುದ್ಧ ಹೊಟ್ಟೆಪಾಡಿನ ಮನುಷ್ಯ ಹೂಡುವ ನಿರುಪದ್ರವಿ ಬಂಡಾಯವನ್ನು ಅವರು ಅಲ್ಲಿ ಕಂಡರು. 1954ರಲ್ಲಿ ಲಿಂಕನ್ ನಗರದ ನ್ಯಾಯಾಲಯ ಅದೇ ವಿನೋದಕ್ಕೆ ಅಶ್ಲೀಲತೆಯ ಕಾನೂನಿನಡಿ ಮೆಕ್‌ಗಿಲ್‌ಗೆ ದಂಡ ವಿಧಿಸಿತು. ನಮ್ಮ ಹೋಳಿಯ ಹಾಡುಗಳನ್ನು ಸಂಗ್ರಹಿಸಿಯೂ ಅಚ್ಚಿಗೆ ಕೊಡಲು ಹಿಂಜರಿದ ವಿದ್ವಾಂಸರಿಗೆ ಈ ಪ್ರಸಂಗ ಅಪರಿಚಿತವೆನಿಸದು.

6. ಬ್ರೈಟನ್ನಿನ ಗುಮ್ಮಟದ ಕೆಳಗೆ

ಯುರೋಪಿನ ದಂಡೆಯ ಕಾರ್ಡುಗಳಲ್ಲಿ ಭಾರತೀಯರು ಕಾಣಿಸುವ ಒಂದು ಸಂದರ್ಭ ಪ್ರತ್ಯೇಕ ಚರ್ಚೆಗೆ ಅರ್ಹವಾಗಿದೆ. ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಗೆ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ 1822ರ ನಡುವೆ ಭಾರತೀಯ ಶೈಲಿಯ ಗುಮ್ಮಟಗಳನ್ನು ತೊಡಿಸಿದ್ದರು. ಭಾರತವನ್ನು ಎಂದೂ ಕಾಣದ ರಾಜನೊಬ್ಬನ ಕನಸಿನ ಭಾರತ ಅದು. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಅದೇ ಅರಮನೆ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಯಿತು. ಜಾತಿಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ನೀರಿನ ನಲ್ಲಿಗಳು ಏರ್ಪಾಡಾದವು. ತೂಗುದೀಪಗಳ ಕೆಳಗೆ ಸಾಲು ಮಂಚಗಳಲ್ಲಿ ಮಲಗಿದ ಸಿಪಾಯಿಗಳ ಚಿತ್ರಗಳು ಕಾರ್ಡುಗಳಾಗಿ ಮಾರಾಟವಾದವು. ಸಾಮ್ರಾಜ್ಯ ತನ್ನ ಯೋಧರನ್ನು ಹೇಗೆ ಆದರಿಸುತ್ತಿದೆ ಎಂಬುದಕ್ಕೆ ಅವು ಸಾಕ್ಷಿಯಾಗಬೇಕಿತ್ತು.

ಈ ಕಾರ್ಡುಗಳ ಮುಂಬದಿಯಲ್ಲಿ ಎಲ್ಲವೂ ಹೊಳೆಯುತ್ತದೆ. ಆದರೆ ಅದೇ ಊರಿನಲ್ಲಿ, ಹಿಂದೆ ಬಡವರ ದುಡಿಮೆಮನೆಯಾಗಿದ್ದ ಕಟ್ಟಡದಲ್ಲಿ ನಡೆದ ಕಿಚನರ್ ಆಸ್ಪತ್ರೆಯ ಸಿಪಾಯಿಗಳಿಗೆ ಹೊರಗೆ ಓಡಾಡಲು ಕಟ್ಟುನಿಟ್ಟಾದ ನಿರ್ಬಂಧಗಳಿದ್ದವು. ಸಿಪಾಯಿಗಳು ಬರೆಸಿದ ಕಾಗದಗಳು ಸೇನೆಯ ಪರಿಶೀಲನೆಯನ್ನು ದಾಟಿಯೇ ಊರಿಗೆ ಹೋಗಬೇಕಿತ್ತು. ವಿಚಿತ್ರವೆಂದರೆ, ಪರಿಶೀಲಕರು ಅನುವಾದಿಸಿ ವರದಿಗೆ ಸೇರಿಸಿದ್ದರಿಂದಲೇ ಆ ಮಾತುಗಳ ಒಂದು ಪಾಲು ಉಳಿದಿದೆ. ಡೇವಿಡ್ ಒಮಿಸ್ಸಿ 1999ರಲ್ಲಿ ಅವುಗಳಿಂದ ಆಯ್ದು ಪ್ರಕಟಿಸಿದರು. ಕಾವಲುಗಾರನೇ ಇಲ್ಲಿ ಸಂಗ್ರಾಹಕನಾದ.

ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸಿಪಾಯಿಗಳಲ್ಲಿ 53 ಜನರ ದಹನ ಊರಿನ ಹೊರಗಿನ ದಿಣ್ಣೆಯ ಮೇಲೆ ನಡೆಯಿತು. ಅಲ್ಲಿ 1921ರಲ್ಲಿ ‘ಛತ್ರಿ’ ಎಂಬ ಬಿಳಿ ಅಮೃತಶಿಲೆಯ ಸ್ಮಾರಕವನ್ನು ಅನಾವರಣಗೊಳಿಸಲಾಯಿತು. ಅದೂ ಕಾರ್ಡಿನ ಚಿತ್ರವಾಯಿತು. ಆ 53 ಜನರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ ಅದರ ಪಕ್ಕದಲ್ಲಿ ನಿಲ್ಲಿಸಿದ್ದು 2010ರಲ್ಲಿ. ಸ್ಮಾರಕಕ್ಕೂ ಹೆಸರಿಗೂ ನಡುವೆ 89 ವರ್ಷಗಳ ಅಂತರ. ನಮ್ಮ ಹಳ್ಳಿಗಳ ವೀರಗಲ್ಲು ಸತ್ತವನ ಹೆಸರನ್ನೂ ಊರನ್ನೂ ಹೇಳಲು ಇಷ್ಟು ಕಾಲ ಕಾಯುತ್ತಿರಲಿಲ್ಲ.

7. ವಿದ್ವತ್ತಿನ ಓದು ಮತ್ತು ನಮ್ಮ ಪಾಲಿನ ತಪ್ಪು

ಈ ಕಾರ್ಡುಗಳ ಮೇಲಿನ ವಿಮರ್ಶೆಯಲ್ಲಿ ಎರಡು ಓದುಗಳು ಪ್ರಭಾವಶಾಲಿಯಾಗಿವೆ. 1992ರಲ್ಲಿ ನವೋಮಿ ಶೋರ್ 1900ರ ಸುಮಾರಿನ ಪ್ಯಾರಿಸಿನ ಕಾರ್ಡುಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ನಗರವೊಂದು ತನ್ನನ್ನು ತಾನು ಕೊಂಡಾಡಿಕೊಂಡ ರೀತಿಯನ್ನೂ ಸಂಗ್ರಹದಲ್ಲಿ ಮಹಿಳೆಯರ ಪಾತ್ರವನ್ನೂ ಗುರುತಿಸಿದರು. ಅದಕ್ಕೂ ಮೊದಲು, 1981ರಲ್ಲಿ, ಅಲ್ಜೀರಿಯಾದ ಕವಿ ಮಾಲೆಕ್ ಅಲ್ಲೂಲಾ ವಸಾಹತಿನ ‘ಅಂತಃಪುರ’ದ ಕಾರ್ಡುಗಳು ಸ್ಟುಡಿಯೋಗಳಲ್ಲಿ ಬಾಡಿಗೆಯ ಮಾದರಿಗಳನ್ನಿಟ್ಟು ಹೆಣೆದ ಸುಳ್ಳುಗಳೆಂದು ತೋರಿಸಿದರು. ಈ ಎರಡನೆಯ ಕೃತಿಗೆ ಬಂದ ಆಕ್ಷೇಪವೂ ಮುಖ್ಯ. ಆ ಹೆಂಗಸರನ್ನು ಕಾರ್ಡಿನಿಂದ ಬಿಡಿಸಲು ಹೊರಟ ಪುಸ್ತಕ ಅದೇ ಚಿತ್ರಗಳನ್ನು ಮತ್ತೆ ಅಚ್ಚುಹಾಕಿ ಅವರನ್ನು ಇನ್ನೊಮ್ಮೆ ನೋಟಕ್ಕೆ ಒಡ್ಡಿತು ಎಂಬುದು ಆ ಆಕ್ಷೇಪ. ಇದಕ್ಕೆ ಸುಲಭವಾದ ಉತ್ತರವಿಲ್ಲ. ತೋರಿಸದೆ ಟೀಕಿಸುವುದು ಕಷ್ಟ, ತೋರಿಸಿದರೆ ತಪ್ಪು ಮುಂದುವರಿಯುತ್ತದೆ.

ಜಾನಪದ ಕ್ಷೇತ್ರದವರಾದ ನಾವು ಈ ಚರ್ಚೆಯನ್ನು ದೂರದಿಂದ ನೋಡಿ ತಲೆದೂಗುವಂತಿಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ ಚಿತ್ರಗಳ ಕೆಳಗೆ ಜಾತಿಯ ಹೆಸರುಗಳಿವೆ. ಕಾರ್ಡಿನ ‘ಮಾದರಿ’ಗೂ ಆ ಕೋಶದ ‘ಮಾದರಿ’ಗೂ ಇರುವ ಅಂತರ ಬೆಲೆಯದು ಮಾತ್ರ. ನಮ್ಮ ಶಾಸ್ತ್ರ ಆ ದಾರಿಯಿಂದ ಬಹುದೂರ ಬಂದಿದೆ ಎಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ನನ್ನ ಅನುಭವ ಹಾಗೆ ಹೇಳುವುದಿಲ್ಲ.

ಪಿಎಚ್.ಡಿ.ಯ ಕ್ಷೇತ್ರಕಾರ್ಯಕ್ಕೆಂದು ಮೈಲಾರದ ಜಾತ್ರೆಗೆ ಹೋದಾಗ ಒಬ್ಬ ಹಿರಿಯ ಗೊರವರ ಚಿತ್ರ ತೆಗೆದಿದ್ದೆ. ಕರಿಕಂಬಳಿಯ ಅಂಗಿ, ಕೈಯಲ್ಲಿ ಡಮರು, ಹೆಗಲಲ್ಲಿ ಭಂಡಾರದ ಚೀಲ. ಅವರು ಅರ್ಧ ರಾತ್ರಿ ಹಾಡಿದ್ದರು. ಮುಂದೆ ಮಹಾಪ್ರಬಂಧ ಅಚ್ಚಾದಾಗ ಆ ಚಿತ್ರದ ಕೆಳಗೆ ‘ಗೊರವ, ಮೈಲಾರ ಜಾತ್ರೆ’ ಎಂದು ಹಾಕಿದೆ. ಹಾಡಿನ ಪಠ್ಯ ಅನುಬಂಧದಲ್ಲಿ ಸೇರಿತು. ಹೆಸರು ಬರೆದುಕೊಂಡಿದ್ದ ಟಿಪ್ಪಣಿಪುಸ್ತಕ ಮನೆ ಬದಲಿಸುವಾಗ ಕಳೆದುಹೋಯಿತು. ಬಹಳ ವರ್ಷಗಳ ನಂತರ ವಿಚಾರಸಂಕಿರಣವೊಂದರಲ್ಲಿ ಒಬ್ಬ ವಿದ್ಯಾರ್ಥಿ ಆ ಪುಟ ತೆರೆದು ನನ್ನ ಮುಂದೆ ಹಿಡಿದು, “ಸರ, ಇವರು ನಮ್ಮಜ್ಜ. ಕೆಳಗ ಹೆಸರು ಯಾಕ ಬರ್ದಿಲ್ರಿ?” ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕಾರಣ ತಿಳಿಯಬೇಕೆಂಬ ಕುತೂಹಲವಿತ್ತು. ನನ್ನಲ್ಲಿ ಕಾರಣವಿರಲಿಲ್ಲ. ಆಗ ಪುಟ ತಿರುಗಿಸಿ ಹಾಡಿನ ಪಠ್ಯ ತೋರಿಸಿದೆ. ಅದನ್ನು ಓದಿದ ಅವನು ಎರಡು ಸಾಲು ಬಿಟ್ಟುಹೋಗಿವೆ ಎಂದ. ಅವು ಅವರ ಮನೆತನದ ಗುರುವಿನ ಹೆಸರು ಹೇಳುವ ಸಾಲುಗಳು. ಪಠ್ಯಕ್ಕೆ ಸಂಬಂಧವಿಲ್ಲವೆಂದು ನಾನೇ ಕೈಬಿಟ್ಟಿದ್ದವು.

ನಾನು ಮಾಡಿದ್ದು ಕಾರ್ಡಿನ ಕೆಲಸ. ಮುಂಬದಿಯನ್ನು ಉಳಿಸಿಕೊಂಡು, ಯಾರು ಯಾರಿಗೆ ಯಾಕೆ ಹೇಳಿದರು ಎಂಬ ಹಿಂಬದಿಯನ್ನು ಗೋಂದು ಹಚ್ಚಿ ಮುಚ್ಚಿದ್ದೆ. ಆ ವಿದ್ಯಾರ್ಥಿ ಶಾಯಿಯ ಗುರುತು ಹಾಕುವವನಂತೆ ಬಂದು ‘ನಮ್ಮ ಕೋಣೆ ಇದು’ ಎಂದು ತೋರಿಸಿದ.

8. ಸಮಾರೋಪ

ಕಾರ್ಡಿನಲ್ಲಿ ಉಳಿದ ಅನೇಕ ದೃಶ್ಯಗಳು ನೆಲದ ಮೇಲೆ ಉಳಿದಿಲ್ಲ. ಮೆಸ್ಸೀನಾ ಬಂದರಿನ ಅರಮನೆಗಳ ಸಾಲು 1908ರ ಡಿಸೆಂಬರ್ 28ರ ಭೂಕಂಪದಲ್ಲಿ ಬಿತ್ತು. ನೀಸಿನ ಕಡಲ ಮೇಲಿನ ಕಸೀನೊ ಮತ್ತು ಸ್ಕೆವೆನಿಂಗನ್ನಿನ ಪಿಯರು ಎರಡನೆಯ ಮಹಾಯುದ್ಧದಲ್ಲಿ ಹೋದವು. 1866ರಲ್ಲಿ ತೆರೆದ ಬ್ರೈಟನ್ನಿನ ವೆಸ್ಟ್ ಪಿಯರ್ 1975ರಲ್ಲಿ ಮುಚ್ಚಿ, 2002–03ರ ಕುಸಿತ ಮತ್ತು ಬೆಂಕಿಗಳ ನಂತರ ಕಬ್ಬಿಣದ ಅಸ್ಥಿಪಂಜರವಾಗಿ ನಿಂತಿತು. ರಾಫೆಲ್ ಟಕ್ ಸಂಸ್ಥೆಯ ಕಟ್ಟಡವೇ 1940ರ ಡಿಸೆಂಬರ್ 29ರ ಬಾಂಬುದಾಳಿಯಲ್ಲಿ ಮೂಲಚಿತ್ರಗಳೊಂದಿಗೆ ಸುಟ್ಟಿತು. ಹೀಗೆ ಅಗ್ಗದ ಕಾರ್ಡು ಕಟ್ಟಡಕ್ಕಿಂತ ಹೆಚ್ಚು ಬಾಳಿದ ದಾಖಲೆಯಾಗಿದೆ. ಬಣ್ಣ ಸುಳ್ಳಿರಬಹುದು, ಚಂದ್ರ ಸುಳ್ಳಿರಬಹುದು. ಆದರೂ ಒಗೆಯುವವಳ ಬಾಗಿದ ಬೆನ್ನು ನಿಜ. ಆದ್ದರಿಂದ ಮುಂಬದಿಯನ್ನು ತಿರಸ್ಕರಿಸುವುದು ಈ ಲೇಖನದ ಉದ್ದೇಶವಲ್ಲ. ಹಿಂಬದಿಯ ಸಾಕ್ಷಿಯಿಲ್ಲದೆ ಅದನ್ನು ನಂಬಬಾರದು ಎಂಬುದಷ್ಟೇ ವಾದ.

ಇದರಿಂದ ನಮ್ಮ ಕೆಲಸಕ್ಕೆ ಕೆಲವು ಸೂಚನೆಗಳು ದೊರೆಯುತ್ತವೆ. ವಸ್ತುಸಂಗ್ರಹಾಲಯಗಳು ಹಳೆಯ ಕಾರ್ಡು, ಕಾಗದಗಳನ್ನು ದಾಖಲಿಸುವಾಗ ಎರಡೂ ಮುಖಗಳನ್ನು ಪ್ರತಿ ಮಾಡಿಡಬೇಕು. ಅಂಚೆಮುದ್ರೆ, ಚೀಟಿಯ ಓರೆ, ಹರಿದ ಮೂಲೆ, ಅರಿಸಿನದ ಕಲೆ ಇವುಗಳನ್ನು ಕೊಳೆಯೆಂದು ತೊಳೆಯದೆ ಪಠ್ಯದ ಭಾಗವೆಂದು ಬರೆದುಕೊಳ್ಳಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿರುವ ಕ್ಷೇತ್ರಕಾರ್ಯದ ಚಿತ್ರಗಳನ್ನು ಆಯಾ ಊರುಗಳಿಗೆ ಕೊಂಡೊಯ್ದು, ‘ಒಬ್ಬ ಗೊರವ’, ‘ಒಬ್ಬ ಜೋಗತಿ’ ಎಂದಿರುವ ಕಡೆ ಹೆಸರು ಕೇಳಿ ಬರೆಯುವ ಕೆಲಸ ಆಗಬೇಕು. ಕೇಳಿದರೆ ಹೇಳಬಲ್ಲವರು ಇನ್ನೂ ಇದ್ದಾರೆ, ಆದರೆ ಅವರಿಗೆ ವಯಸ್ಸಾಗುತ್ತಿದೆ.

ಆ ವಿದ್ಯಾರ್ಥಿ ಹೇಳಿದ ಹೆಸರನ್ನೂ ಬಿಟ್ಟುಹೋಗಿದ್ದ ಎರಡು ಸಾಲುಗಳನ್ನೂ ನನ್ನ ಪ್ರತಿಯಲ್ಲಿ ಬರೆದುಕೊಂಡಿದ್ದೇನೆ. ಗ್ರಂಥಾಲಯಗಳಲ್ಲಿರುವ ಉಳಿದ ಪ್ರತಿಗಳಲ್ಲಿ ಅವು ಇಲ್ಲ. ಮರುಮುದ್ರಣವಾಗುವವರೆಗೆ, ಕೈಗೆ ಸಿಕ್ಕಿದ ಪ್ರತಿಗಳಲ್ಲೆಲ್ಲ ಶಾಯಿಯಿಂದ ಬರೆಯುತ್ತ ಹೋಗುವುದೊಂದೇ ಈಗ ಉಳಿದಿರುವ ದಾರಿ.